ಹತ್ತರಗಿಯ ಗುಡ್ಡ ಹೊಂಡವಾಗಿ ಕಂಡದ್ದು

ನಿನ್ನ ತಂದೆಯ ಕಣ್ಣು ಕೆಟ್ಟಿರಲಿಲ್ಲ, ಕುಸುಮಾ. ಕೆಟ್ಟಿವೆಯೆಂದು ಅವರನ್ನೂ ನಿಮ್ಮೆಲ್ಲರನ್ನೂ ನಂಬಿಸಿದವನು ನಾನು.

ಯುದ್ಧ ಮುಗಿದ ಹೊಸತು. ಹುಕ್ಕೇರಿಯ ಸರ್ವೆ ಕಚೇರಿಯಲ್ಲಿ ಭರಮಪ್ಪ ಕಾಕಾ — ನಿನ್ನ ತಂದೆ — ಮತ್ತು ನಾನು ಒಂದೇ ಮೇಜಿಗೆ ಕೂರುತ್ತಿದ್ದೆವು. ವಿಮಾನದಿಂದ ತೆಗೆದ ಜೋಡಿ ಚಿತ್ರಗಳನ್ನು ಸ್ಟೀರಿಯೋಸ್ಕೋಪಿನ ಎರಡು ಗಾಜುಗಳ ಕೆಳಗಿಟ್ಟು ನೋಡಿದರೆ, ಚಪ್ಪಟೆ ಕಾಗದದಿಂದ ಗುಡ್ಡ ಎದ್ದು ನಿಲ್ಲುತ್ತಿತ್ತು. ಹಾಗೆ ನೋಡಿ ನಕಾಶೆಯಲ್ಲಿ ಏರು-ತಗ್ಗು ಗುರುತಿಸುವುದು ನಮ್ಮ ಕೆಲಸ. ಕಲಿಸಿದವರೂ ಅವರೇ. "ಎಡಗಡೀದು ಎಡಕ್ಕ, ಬಲಗಡೀದು ಬಲಕ್ಕ ಇಡಪಾ. ಅದಲಬದಲ ಆತಂದ್ರ ಗುಡ್ಡ ಹೋಗಿ ಹೊಂಡ ಕಾಣತೈತಿ. ಮತ್ತ, ಗೊತ್ತಿದ್ದದ್ದು ಹೇಳಬ್ಯಾಡ, ಕಂಡದ್ದು ಹೇಳು."

ಇಬ್ಬರಲ್ಲಿ ಒಬ್ಬರನ್ನೇ ಉಳಿಸಿಕೊಳ್ಳುತ್ತಾರೆಂದು ಸುದ್ದಿ ಬಂತು. ಅವರೇ ಉಳಿಯುವವರು — ಅದು ನನಗೆ ಗೊತ್ತಿತ್ತು. ಸಾಹೇಬರು ಪರೀಕ್ಷಿಸಲು ಬರುವ ಮುಂಜಾನೆ ಕಾಕಾ ಹತ್ತರಗಿಯ ಚಿತ್ರಗಳನ್ನು ಸರಿಯಾಗಿ ಇಟ್ಟು ನೀರು ಕುಡಿಯಲು ಎದ್ದುಹೋದರು. ನಾನು ಎರಡನ್ನೂ ಅದಲುಬದಲು ಮಾಡಿದೆ.

"ಇಲ್ಲಿ ಏನ್ ಕಾಣತೈತ್ರಿ, ಭರಮಪ್ಪ?" ಎಂದರು ಸಾಹೇಬರು.

ಕಾಕಾ ಬಗ್ಗಿ ಬಹಳ ಹೊತ್ತು ನೋಡಿದರು. ಹತ್ತರಗಿ ಅವರ ತಾಯಿಯ ತವರು, ಅಲ್ಲಿ ಗುಡ್ಡವಿದೆಯೆಂದು ತಿಳಿಯದವರೇ? ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿದರು. ಆದರೂ — "ಹೊಂಡ ಕಾಣಾಕತ್ತೈತ್ರಿ, ಸಾಹೇಬ್ರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗಾಜು ಒರೆಸುವ ನೆಪದಲ್ಲಿ ಚಿತ್ರಗಳನ್ನು ಮೊದಲಿನಂತೆ ಇಟ್ಟೆ. ಸಾಹೇಬರಿಗೆ ಗುಡ್ಡ ಕಂಡಿತು. ಕಾಕಾ ಮತ್ತೆ ಬಗ್ಗಿ ನೋಡಿದರು, ಅವರಿಗೂ ಗುಡ್ಡವೇ ಕಂಡಿತು. "ನನ್ನ ಕಣ್ಣ ಹೋದವು ಅನಸ್ತೈತಿ," ಎಂದರು. ನನ್ನ ಕಡೆ ಒಮ್ಮೆಯೂ ಅನುಮಾನದಿಂದ ನೋಡಲಿಲ್ಲ. ಥೂ, ಒಮ್ಮೆಯಾದರೂ ನೋಡಿದ್ದರೆ...

ಕೆಲಸ ನನಗುಳಿಯಿತು. ಅವರು ಮೂಡಲಗಿಗೆ ಮರಳಿದ ಮೇಲಿನ ಕಥೆ ನಿನಗೇ ಗೊತ್ತು. ಬಸದಿಯಲ್ಲಿ ಶಾಸ್ತ್ರ ಓದುವುದನ್ನು ಬಿಟ್ಟರು. ಕಾಣದೆ ಹುಳು ತಿಂದು ಜೀವಹಿಂಸೆಯ ಪಾಪ ಕಟ್ಟಿಕೊಂಡೇನೆಂಬ ಅಂಜಿಕೆಯಿಂದ ಪ್ರತಿ ಊಟಕ್ಕೂ ತಾಟು ನಿನ್ನ ಮುಂದೆ ಸರಿಸಿ "ನೋಡವಾ" ಎನ್ನುತ್ತಿದ್ದರು. ತಾಟು ನೋಡಲು, ಕೈ ಹಿಡಿದು ನಡೆಸಲು ನೀನು ಬೇಕೆಂದು ನಾಲ್ಕನೇ ಇಯತ್ತೆಗೇ ನಿನ್ನ ಸಾಲಿ ಬಿಡಿಸಿದರು. ಅದನ್ನೂ ನಾನೇ ಕಸಿದೆ.

ಒಮ್ಮೆ ನಿಮ್ಮ ಮನೆಗೆ ಬಂದಿದ್ದೆ — ಹೇಳಿಬಿಡಬೇಕೆಂದೇ. ಓಣಿಯ ಆ ತುದಿಯಿಂದಲೇ ನನ್ನನ್ನು ಗುರುತಿಸಿದರು. "ಇಷ್ಟರೆ ಕಾಣತೈತಲ್ಲಪಾ, ಪುಣ್ಯಾ," ಎಂದರು. ಹೊರಡುವಾಗ, "ನಿನ್ನ ಕಣ್ಣ ಜ್ವಾಕಿ, ತಮ್ಮಾ." ನಾನು ನೀವು ಬಡಿಸಿದ್ದು ಉಂಡು, ಬಾಯಿ ಮುಚ್ಚಿಕೊಂಡು ಬಂದೆ.

ಹೋದ ತಿಂಗಳು ಅವರು ತೀರಿಕೊಂಡರೆಂದು ಕೇಳಿದೆ. ಅಂಜುಬುರುಕ ನಾನು. ಅವರಿರುವಾಗ ಹೇಳಲಿಲ್ಲ.

ಕಚೇರಿ ಬೇಡವೆಂದು ಬಿಸಾಕಿದ ಆ ಯಂತ್ರ, ಆ ಎರಡು ಚಿತ್ರ ನನ್ನಲ್ಲಿವೆ. ಸೋಮವಾರ ತರುತ್ತೇನೆ. ಬಸದಿಯ ಹಿರಿಯರನ್ನು ಕರೆದಿರು. ಅವರೆದುರು ನಾನೇ ಚಿತ್ರ ಅದಲುಬದಲು ಮಾಡುತ್ತೇನೆ — ಅಂದು ಮಾಡಿದ ಹಾಗೆ. ನೀನು ಬಗ್ಗಿ ನೋಡು. ಕಂಡದ್ದನ್ನೇ ಹೇಳು, ತಂಗಿ. ನಿನ್ನ ತಂದೆ ಹೇಳಿದ ಹಾಗೆ.