ಗರಿಕೆ ನೆಟ್ಟ ಶಿವನಂಜಮ್ಮ

ಕಳೆ ಕೀಳುವುದರಲ್ಲಿ ಶಿವನಂಜಮ್ಮನನ್ನು ಮೀರಿಸುವವರು ಪಿರಿಯಾಪಟ್ಟಣದ ಸುತ್ತಮುತ್ತ ಯಾರೂ ಇರಲಿಲ್ಲ. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅವಳ ಪಡಿಪಾಟಲು ಶುರುವಾದದ್ದೇ ಅಲ್ಲಿಂದ. ರಾಗಿ ಹೊಲದಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಮುಂದೆ ಸರಿದಳೆಂದರೆ ಹಿಂದೆ ಒಂದು ಗರಿಕೆ ಎಸಳೂ ಉಳಿಯುತ್ತಿರಲಿಲ್ಲ. ಆ ಗರಿಕೆಯೋ, ಕಿತ್ತಷ್ಟೂ ಚಿಗುರುವ ಮೊಂಡು ಹುಲ್ಲು. ಅದನ್ನು ಬೈಯದೆ ಅವಳಿಗೆ ಉಂಡ ಹಿಟ್ಟು ಅರಗುತ್ತಿರಲಿಲ್ಲ.

ಅವಳ ಗಂಡ ದೊಡ್ಡಮಾದಯ್ಯ ಊರಾಚೆಯ ಪ್ರವಾಸಿ ಬಂಗಲೆಯಲ್ಲಿ ಮಾಲಿ. ಬಂಗಲೆಯ ಮುಂದಿನ ಲಾನು ಅವನ ಪ್ರಾಣ. ಮೈಸೂರಿನಿಂದ ತಂದು ನೆಟ್ಟ ನಯವಾದ ಹುಲ್ಲಿಗೆ ಬಾವಿಯಿಂದ ಸೇದಿ ಸೇದಿ ನೀರು ಹಾಕುತ್ತಿದ್ದ. ಅರವತ್ತೈದನೇ ಇಸವಿಯ ಮಳೆಗಾಲ ಕೈಕೊಟ್ಟಿತು. ಅದರ ಹಿಂದೆಯೇ ಚಳಿಗಾಲದಲ್ಲಿ ಜ್ವರ ಬಂದು ಅವನೂ ಹೋದ. ಮಕ್ಕಳಿಲ್ಲದ ಶಿವನಂಜಮ್ಮನಿಗೆ ಉಳಿದದ್ದು ಬಂಗಲೆ ಹಿಂದಿನ ಮಾಲಿಯ ಕೋಣೆ ಒಂದೇ. ಅದೂ ತಪ್ಪಿದರೆ ರಾವಂದೂರಿನಲ್ಲಿ ಅಣ್ಣನ ಮನೆ. ಅಲ್ಲಿ ಅತ್ತಿಗೆ ಹಿಟ್ಟು ಇಕ್ಕುವ ಮೊದಲು ಚುಚ್ಚುಮಾತು ಇಕ್ಕುತ್ತಿದ್ದಳು.

ಬಂಗಲೆ ನೋಡಿಕೊಳ್ಳುವ ಮೇಸ್ತ್ರಿ ಬೆಟ್ಟಸ್ವಾಮಿ ಮುಂಗೋಪಿ, ಆದರೆ ಕೆಟ್ಟವನಲ್ಲ. "ಮಾದಯ್ಯನ ಕೆಲ್ಸ ನೀನೇ ನೋಡ್ಕೊ ಕಣವ್ವ. ಆಸಾಡ್ದಲ್ಲಿ ದೊಡ್ಡ ಇಂಜಿನಿಯರು ಬತ್ತಾರೆ. ಲಾನು ನೋಡಿ ಅವ್ರು ಒಪ್ಪುದ್ರೆ ಕೋಣೆ ನಿಂದೇ" ಅಂದ. ಬಿಸಿಲಿಗೆ ಲಾನು ಒಣಗಿ ಅಲ್ಲಲ್ಲಿ ಮಾತ್ರ ಹಸಿರು ಉಳಿದಿತ್ತು. "ಮೊದ್ಲು ಕಳೆ ತಗಿ" ಎಂದು ಹೇಳಿ ಹುಣಸೂರಿನ ಬಸ್ಸು ಹತ್ತಿದ.

ಕಳೆ ಅಂದರೆ ಅವಳಿಗೆ ಹೇಳಿಕೊಡಬೇಕೆ? ಸಂಜೆ ಬೆಟ್ಟಸ್ವಾಮಿ ವಾಪಸು ಬಂದಾಗ ಬಂಗಲೆಯ ಮುಂದಿನ ನೆಲ ಒಕ್ಕಣೆ ಕಣದ ಹಾಗೆ ಬೋಳಾಗಿತ್ತು. ಮೈಸೂರಿನ ಹುಲ್ಲು ಎಂದೋ ಸತ್ತಿತ್ತು. ಜೀವ ಹಿಡಿದುಕೊಂಡಿದ್ದದ್ದು ನಡುವೆ ನುಗ್ಗಿದ್ದ ಗರಿಕೆ ಒಂದೇ. ಅದನ್ನು ಅವಳು ಬೇರುಸಹಿತ ಕಿತ್ತು, ಅಡುಗೆಮನೆ ಹಿಂದೆ ಗುಡ್ಡೆ ಹಾಕಿ, ಶಭಾಷ್ ಅನ್ನಿಸಿಕೊಳ್ಳಲು ಕಾದು ನಿಂತಿದ್ದಳು.

"ಅಯ್ಯೋ ನಿನ್ ಮನೆ ಹಾಳಾಗ! ಇದ್ದ ಅಸ್ರನ್ನೂ ಬೋಳಿಸ್ಬುಟ್ಯಲ್ಲವ್ವಾ!" ಬೆಟ್ಟಸ್ವಾಮಿ ತಲೆ ಮೇಲೆ ಕೈಹೊತ್ತು ಕೂತ.

"ಕಳೆ ತಗಿ ಅಂದೋರು ನೀವೇ ಅಲ್ವಾ? ಗರಿಕೇಗಿಂತ ದೊಡ್ಡ ಕಳೆ ಯಾವುದಯ್ಯಾ?"

"ಇಂಜಿನಿಯರ್‌ಗೆ ಇದ್ನೇ ಏಳು. ಈಗ್ಲೇ ಗಂಟು ಕಟ್ಕೊಂಡಿರು."

ಅವಳು ನಿಜಕ್ಕೂ ಗಂಟು ಕಟ್ಟಿದಳು. ಎರಡು ಸೀರೆ, ಗಂಡನ ಕಂಬಳಿ, ಹಿಟ್ಟಿನ ಕೋಲು ಎಲ್ಲ ಅದರೊಳಗೆ ಸೇರಿದವು. ಗಂಡ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ. ಅವನ ಲಾನನ್ನು ಕೈಯಾರೆ ಕೊಂದೆನಲ್ಲ ಎಂದು ಹಲುಬಿದಳು.

ಕೆಲವು ದಿನ ಕಳೆದು, ಮುಸುರೆ ನೀರು ಚೆಲ್ಲಲು ಅಡುಗೆಮನೆ ಹಿಂದೆ ಹೋದವಳು ಹಾಗೇ ನಿಂತುಬಿಟ್ಟಳು. ತಾನು ಎಸೆದ ಗುಡ್ಡೆ ಅದೇ ಮುಸುರೆ ನೀರು ಕುಡಿದು ಚಿಗುರಿತ್ತು! ಸುತ್ತಲೂ ಸುಡುಬಿಸಿಲು, ಗುಡ್ಡೆ ಮಾತ್ರ ಹಸಿರು.

"ನಿನ್ ಅಟ ಸುಡ್ಲಿ! ಸಾಯಾಕಿಲ್ವಾ ನೀನು?" ಎಂದು ಬೈದಳು. ಬೈದವಳಿಗೇ ನಗು ಬಂತು.

ಅಂದಿನಿಂದ ಕಿತ್ತವಳೇ ನೆಡತೊಡಗಿದಳು. ಗರಿಕೆಯನ್ನು ಗೆಣ್ಣುಗೆಣ್ಣಿಗೆ ಮುರಿದು, ನೆಲ ಕೆದಕಿ, ಪೈರು ನಾಟಿ ಹಾಕುವಂತೆ ಸಾಲಾಗಿ ಊರಿದಳು. ಬಾವಿಯ ತಳ ಕಾಣುತ್ತಿತ್ತು. ಬಂಗಲೆಗೆ ಬಂದವರು ಮಿಂದ ನೀರು, ಪಾತ್ರೆ ತೊಳೆದ ನೀರು ಎಲ್ಲವನ್ನೂ ಹೊತ್ತು ಹಾಕಿದಳು. ಆದರೆ ಆ ಗುಡ್ಡೆ ಲಾನಿನ ಒಂದು ಮೂಲೆಗೂ ಸಾಲಲಿಲ್ಲ.

ಒಂದು ಮಳೆ ಬಿದ್ದದ್ದೇ ಬಂಗಲೆ ಪಕ್ಕದ ಚಾಮುಂಡಮ್ಮನ ಹೊಲದಲ್ಲಿ ನೇಗಿಲು ಹೂಡಿದರು. ನೇಗಿಲ ಹಿಂದೆ ಹೆಂಗಸರು ಗರಿಕೆ ಆಯ್ದು ಬದುವಿಗೆ ಎಸೆಯುತ್ತಿದ್ದರು. ಶಿವನಂಜಮ್ಮ ಬೇಲಿ ಹತ್ತಿರ ಹೋದಳು.

"ಅಕ್ಕಾ, ಅದ ಎಸೀಬ್ಯಾಡಿ, ನಂಗೆ ಕೊಡಿ. ಲಾನಿಗೆ ನೆಡ್ಬೇಕು."

ಹೆಂಗಸರು ಬಿದ್ದು ಬಿದ್ದು ನಕ್ಕರು. "ಗರಿಕೆ ನೆಡ್ತಾಳಂತೆ ಕಣ್ರೇ! ಗಂಡ ಓದ ಮ್ಯಾಕೆ ತಲೆ ಕೆಟ್ಟದೆ, ಪಾಪ" ಅಂದಳು ಚಾಮುಂಡಮ್ಮ.

"ಕೆಟ್ರೆ ಕೆಡ್ಲಿ ಬುಡಿ. ಈಗ ನೀವು ಬಂದು ನೆಟ್ಕೊಡಿ, ಕಳೆ ಕಾಲಕ್ಕೆ ನಾ ಮುಯ್ಯಾಳು ಬತ್ತೀನಿ."

ಮುಯ್ಯಾಳು ಅಂದದ್ದೇ ನಗು ನಿಂತಿತು. ಇಂದು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಶಿವನಂಜಮ್ಮನ ಕೈ ಕಳೆಗೆ ಸಿಗುತ್ತದೆಂದರೆ ಬಿಡುವವರುಂಟೆ? ಚಾಮುಂಡಮ್ಮನೇ ಮೊದಲು ಗರಿಕೆ ತುಂಬಿದ ಮಕ್ಕರಿ ತಲೆಗಿಟ್ಟುಕೊಂಡಳು. ಬಂಗಲೆಯ ಮುಂದೆ ಹೆಂಗಸರೆಲ್ಲ ಸಾಲಾಗಿ ಬಗ್ಗಿ ಗರಿಕೆ ನೆಡುವುದನ್ನು ಬೆಟ್ಟಸ್ವಾಮಿ ಬಾಯಿಬಿಟ್ಟುಕೊಂಡು ನೋಡಿದ.

ಆಷಾಢದ ಜಡಿಮಳೆಗೆ ಗರಿಕೆ ಹಬ್ಬಿ ನೆಲ ಮುಚ್ಚಿತು. ಜೀಪು ಇಳಿದ ಇಂಜಿನಿಯರು ಲಾನಿನಲ್ಲೇ ಕುರ್ಚಿ ಹಾಕಿಸಿ ಕಾಫಿ ಕುಡಿದರು. "ಈ ಮಾಲಿಯನ್ನೇ ಇಟ್ಟುಕೊಳ್ಳಿ" ಎಂದು ಹೇಳಿ ಹೊರಟರು. ಜೀಪು ಗೇಟು ದಾಟಿದ್ದೇ ಬೆಟ್ಟಸ್ವಾಮಿ ಕೋಣೆಯ ಬಾಗಿಲಿಗೆ ಓಡಿದ. "ಗಂಟು ಬಿಚ್ಚವ್ವೋ!"

ಶ್ರಾವಣದಲ್ಲಿ ಅವಳು ಮುಯ್ಯಿ ತೀರಿಸಲು ಚಾಮುಂಡಮ್ಮನ ರಾಗಿ ಹೊಲಕ್ಕೆ ಇಳಿದಳು. ಸ್ವಲ್ಪ ದೂರ ಸರಿದಿದ್ದಳೋ ಇಲ್ಲವೋ, ಹಿಂದಿನಿಂದ ಚಾಮುಂಡಮ್ಮ ಕೂಗಿದಳು: "ಏ ಶಿವನಂಜಿ! ಗರಿಕೆ ಬುಟ್ಬುಟ್ಟು ಓಯ್ತಾ ಇದ್ದೀಯಲ್ಲೇ!"

ತಿರುಗಿ ನೋಡಿದರೆ ಹೌದು. ಎಲ್ಲ ಕಳೆಯನ್ನೂ ಕಿತ್ತ ಕೈ ಗರಿಕೆಯನ್ನು ಮಾತ್ರ ಮುಟ್ಟಿರಲಿಲ್ಲ. ಹೊಲವೆಲ್ಲ ನಕ್ಕಿತು, ಅವಳೂ ನಕ್ಕಳು. ಹಿಂದಕ್ಕೆ ಬಂದು ಒಂದೊಂದನ್ನೂ ಕಿತ್ತಳು. ಎಸೆಯಲು ಮನಸ್ಸು ಬಾರದೆ ಮಡಿಲಿಗೆ ಹಾಕಿಕೊಂಡಳು.

ಹೊತ್ತು ಇಳಿದಾಗ ಚಾಮುಂಡಮ್ಮ ಕರೆದಳು. "ಇಲ್ಲೇ ಉಂಡ್ಕೊಂಡು ಓಗೆ."

"ಇಲ್ಲ ಕಣಕ್ಕ. ಬಂಗ್ಲೆ ಮೆಟ್ಲ ಪಕ್ಕ ಇನ್ನೂ ಒಸಿ ಬೋಳು ಅದೆ, ಇದ ನೆಡ್ಬೇಕು. ನಮ್ಮನೇಗೆ ಓಯ್ತೀನಿ" ಅಂದಳು ಶಿವನಂಜಮ್ಮ.

ಮಾದಯ್ಯ ಹೋದ ಮೇಲೆ ಆ ಕೋಣೆಯನ್ನು ಅವಳು ಮನೆ ಎಂದು ಕರೆದದ್ದು ಅದೇ ಮೊದಲು.