ಮೇಲಿನ ಕೋಣೆಯಿಂದ ಇಳಿದ ದಿನ

ಮಮತಾ, ಸಂದೇಶನಿಗೆ ಕೊರೋನ ಅಂಟಿಸಿದವನು ನಾನು. ಅದು ನಿನಗೆ ಗೊತ್ತು, ನನಗೆ ಗೊತ್ತು — ಮೂರನೆಯವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನೂ ನಾನೇ.

ನನ್ನ ಓದು ಹತ್ತನೆಯ ತರಗತಿಗೆ ಮುಗಿಯಿತು. ಆಮೇಲೆ ಮೂವತ್ತೊಂದು ವರ್ಷ ಬಂಟ್ವಾಳ–ಮೂಡುಬಿದಿರೆ ಬಸ್ಸಿನಲ್ಲಿ ಟಿಕೆಟ್ ಹರಿದವನು. ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ, ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಕೆಟ್ಟದ್ದು ನಮ್ಮ ಮನೆಯ ಒಳಗೆ ಮಾತ್ರವಾಗಿರಲಿಲ್ಲ. ನಿನ್ನನ್ನು ನೋಡದವರೂ ನಿನ್ನ ಬಗ್ಗೆ ಮಾತಾಡಿದರು. ಹಾಗಾಗಿ ಇದನ್ನು ಅವರೂ ಓದಲಿ.

ಸಂದೇಶ ನನ್ನ ತಂಗಿ ಲೀಲಾಳ ಒಬ್ಬನೇ ಮಗ. ನಮ್ಮದು ತಾಯಿಯ ಕಡೆಯಿಂದ ನಡೆದು ಬಂದ ಮನೆತನ. ತಂಗಿಯ ಮಗನೆಂದರೆ ನನ್ನ ಮೇಲಿನ ಹೊಣೆ. ಹೆಂಡತಿ ಬೇಗ ತೀರಿಕೊಂಡ ಮೇಲೆ ನಾನು ಇದ್ದದ್ದೂ ಲೀಲಾಳ ಜೊತೆಯಲ್ಲೇ. ಸಂದೇಶ ಪ್ರವಾಸಿಗರ ಹಡಗಿನಲ್ಲಿ ಕೋಣೆ ಒಪ್ಪಮಾಡುವ ಕೆಲಸಕ್ಕೆ ಸೇರಿದ್ದ. ಅಲ್ಲಿ ದಿನಾ ಹಾಸಿಗೆಯ ಮೇಲೆ ಬೈರಾಸು ಮಡಚಿ ಆನೆ, ಹಂಸ, ಮಂಗ ಮಾಡಿಡಬೇಕಂತೆ. ಮದುವೆಯಾದ ಹೊಸತರಲ್ಲಿ ನಿನ್ನ ದಿಂಬಿನ ಮೇಲೆ ಒಂದು ಆನೆ ಮಾಡಿಟ್ಟಿದ್ದ. ಲೀಲಾ ಅದನ್ನು ನೋಡಿ, "ಮೈ ಒರೆಸಲಿಕ್ಕೆ ಬೈರಾಸು ಹುಡುಕಿದ್ರೆ ಸೊಂಡಿಲು ಸಿಗ್ತದೆ ಈ ಮನೆಯಲ್ಲಿ" ಎಂದಾಗ ನೀನು ಸೆರಗು ಬಾಯಿಗೆ ಹಿಡಿದು ನಕ್ಕದ್ದು ನನಗೆ ನೆನಪಿದೆ.

ಕೊರೋನ ಬಂದು ಹಡಗುಗಳು ನಿಂತಾಗ ಅವನು ಊರಿಗೆ ಬಂದಿದ್ದ. ಹತ್ತೊಂಬತ್ತು ತಿಂಗಳು ಮನೆಯಲ್ಲಿದ್ದ. ನಿನ್ನನ್ನು ಮದುವೆಯಾದದ್ದೂ ಆಗಲೇ. ಮೆಲ್ಕಾರಿನಲ್ಲಿ ಗೆಳೆಯನೊಬ್ಬನ ಸಾಮಾನಿನ ಆಟೋ ಓಡಿಸುತ್ತಿದ್ದ. ನೀನು ಮೂಡುಬಿದಿರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ — ದಿನವಿಡೀ ಜನರ ಮೂಗಿಗೆ, ಗಂಟಲಿಗೆ ಕಡ್ಡಿ ಹಾಕುವ ಕೆಲಸ. ಕೊನೆಗೆ ಒಂದು ದಿನ ಹಡಗಿನಿಂದ ಕಾಗದ ಬಂತು. ಎರಡು ವಾರ ಕಳೆದು ಶನಿವಾರ ಮುಂಬಯಿಯಲ್ಲಿರಬೇಕು. ಹೊರಡುವ ಮೊದಲು ಊರಿನಲ್ಲಿ ಒಮ್ಮೆ ಪರೀಕ್ಷೆ, ಮುಂಬಯಿಯ ಹೋಟೆಲಿನಲ್ಲಿ ಒಮ್ಮೆ, ಹಡಗಿನ ಮೆಟ್ಟಿಲು ಹತ್ತುವ ಮುಂಚೆ ಮತ್ತೊಮ್ಮೆ. ಮೂರರಲ್ಲಿ ಒಂದರಲ್ಲಿ ಪಾಸಿಟಿವ್ ಬಂದರೂ ಆ ಜಾಗ ಬೇರೆಯವನಿಗೆ.

"ಒಂದು ಮೂಗಿನಲ್ಲಿ ಮೂರು ಸಲ ಅವರಿಗೆ ಎಂತ ಸಿಗ್ತದೆ ಮಾರಾಯ?" ಎಂದಳು ಲೀಲಾ.

ನಗುತ್ತಲೇ ಎಲ್ಲರೂ ಜಾಗ್ರತೆಯಾದೆವು. ಸಂದೇಶ ಆಟೋ ಓಡಿಸುವುದನ್ನು ನಿಲ್ಲಿಸಿದ. ಕೂದಲು ತೆಗೆಸಲಿಕ್ಕೂ ಪೇಟೆಗೆ ಹೋಗಲಿಲ್ಲ. ನೀನು ಆಸ್ಪತ್ರೆಯಿಂದ ಬಂದರೆ ಹೊರಗಿನ ಬಚ್ಚಲಲ್ಲಿ ಮಿಂದೇ ಒಳಗೆ ಬರುತ್ತಿದ್ದೆ. ಅವನು ಹೋಗುವುದು ನಿನಗೆ ಇಷ್ಟವಿರಲಿಲ್ಲ, ಒಂದು ಸಂಜೆ ಅಡುಗೆಮನೆಯಲ್ಲಿ ಅತ್ತಿದ್ದೆ, ಲೀಲಾ ನೋಡಿದ್ದಳು. ಆದರೂ ಅವನ ಬಟ್ಟೆ ಇಸ್ತ್ರಿ ಮಾಡಿ ಪೆಟ್ಟಿಗೆಗೆ ತುಂಬಿಸಿದವಳು ನೀನೇ.

ಹಾಗಿರುವಾಗ ಇಡೀ ಮನೆಯಲ್ಲಿ ಹೊರಗೆ ಸುತ್ತಾಡುತ್ತಿದ್ದವನು ನಾನೊಬ್ಬ. ಹಳೆಯ ಬಸ್ಸಿನವರು ಸೇರುವಲ್ಲಿಗೆ ಹೋಗಿ ಕೂತು ಚಾ ಕುಡಿದು ಬರುತ್ತಿದ್ದೆ. ಅವನು ಹೊರಡುವ ಹಿಂದಿನ ವಾರ, ಗುರುವಾರ, ನನಗೆ ಮೈಕೈ ನೋವು ಶುರುವಾಯಿತು. ನೀನು ನನ್ನ ಮುಖ ನೋಡಿದವಳೇ ಪರೀಕ್ಷೆಯ ಕಿಟ್ ತಂದೆ. ಮೇಲಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು — ಆ ಬಿಳಿಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ್ದನ್ನು ನಾವಿಬ್ಬರೂ ನೋಡಿದೆವು.

ನೀನು ಲೀಲಾಳಿಗೆ ಹೇಳಲು ಎದ್ದೆ. ತಡೆದವನು ನಾನು. "ಹೇಳಿದ್ರೆ ಪಂಚಾಯತಿನವರು ಬರ್ತಾರೆ. ಮನೆಯವರೆಲ್ಲ ಹೊರಗೆ ಹೋಗುವ ಹಾಗಿಲ್ಲ. ಸಂದೇಶನ ಹಡಗು ತಪ್ತದೆ. ಅವನು ಕೆಳಗೆ, ನಾನು ಮೇಲೆ. ಯಾಕೆ ಸುಮ್ಮನೆ?" ಎಂದೆ.

ನೀನು ಆ ಪಟ್ಟಿಯನ್ನು ಕಾಗದದಲ್ಲಿ ಸುತ್ತಿದೆ. ಆಮೇಲೆ ಹೇಳಿದೆ, "ಸರಿ ಮಾವ. ನಾನು ಯಾರಿಗೂ ಹೇಳುದಿಲ್ಲ. ನೀವು ಈ ಕೋಣೆಯಿಂದ ಇಳಿಯುದಿಲ್ಲ. ಅಷ್ಟೇ."

ಅಷ್ಟೇ. ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ಒಂದು ಅರ್ಧ ನಿನ್ನದು, ಒಂದು ಅರ್ಧ ನನ್ನದು.

ಆ ಪಟ್ಟಿಯನ್ನು ನೀನು ಬಚ್ಚಲ ಒಲೆಗೆ ಹಾಕಿದೆ. ಕೆಳಗೆ ಹೋಗಿ, "ಮಾವನಿಗೆ ಸೊಂಟ ಹಿಡಿದಿದೆ, ಯಾರೂ ಮೇಲೆ ಹೋಗಿ ಮಾತಾಡಿಸಬೇಡಿ" ಎಂದೆ. ಹೊತ್ತುಹೊತ್ತಿಗೆ ಗಂಜಿ ಬಾಗಿಲ ಹೊರಗಿಟ್ಟು ಹೋಗುತ್ತಿದ್ದೆ.

ಭಾನುವಾರ ಮನೆಯ ದೈವಕ್ಕೆ ತಂಬಿಲ ಇತ್ತು. ಸಂದೇಶ ಹಡಗಿಗೆ ಹೊರಡುವ ಮೊದಲು ಪ್ರತಿ ಸಲವೂ ದೈವದ ಮುಂದೆ ಬಾಳೆಲೆ ಹಾಕಿ, ಹೊದಲು ಬೆಲ್ಲ ಇಟ್ಟು, ಎಳನೀರು ಒಡೆದು, ಮನೆಯ ಹಿರಿಯ ನಿಂತು ಪ್ರಾರ್ಥನೆ ಹೇಳುವುದು ಕ್ರಮ. ಹಿರಿಯ ಎಂದರೆ ನಾನು. ನಮ್ಮ ಹಿರಿಮಾವ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷ ಆ ಜಾಗದಲ್ಲಿ ನಾನೇ ನಿಂತದ್ದು. ಅಂದು ನಿನಗೆ ಬೆಳಗ್ಗಿನ ಕೆಲಸ. ಹೊರಡುವಾಗ ಬಾಗಿಲ ಹೊರಗೆ ನಿಂತು ಹೇಳಿದೆ, "ಮಾವ, ಇವತ್ತೊಂದು ದಿನ. ಇಳಿಬೇಡಿ."

ಹೂಂ ಎಂದೆ.

ಹತ್ತು ಗಂಟೆಯ ಹೊತ್ತಿಗೆ ಲೀಲಾ ಮೆಟ್ಟಿಲ ಬುಡದಿಂದ ಕೂಗಿದಳು, "ಅಣ್ಣ, ಇಳಿಲಿಕ್ಕೆ ಆಗ್ತದಾ? ಆಗದಿದ್ರೆ ಬೇಡ, ಶೇಖರ ಬಂದಿದ್ದಾನೆ, ಅವನೇ ಹೇಳ್ತಾನೆ." ಶೇಖರ ನನ್ನ ತಮ್ಮ, ಕೊಕ್ಕಡದಲ್ಲಿರುವವನು. ನನಗೆ ಯಾರೂ ಒತ್ತಾಯ ಮಾಡಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಬಾರದಿದ್ದರೂ ನಡೆಯುತ್ತದೆ ಎಂದೇ ಎಲ್ಲರೂ ಹೇಳಿದರು. ಬಹುಶಃ ಅದೇ — ನಾನಿಲ್ಲದೆಯೂ ನಡೆಯುತ್ತದೆ ಎಂಬುದೇ —

ಶೇಖರ ಪ್ರಾರ್ಥನೆ ಶುರುಮಾಡಿದ. ಮಲಗಿದಲ್ಲಿಗೆ ಕೇಳಿಸುತ್ತಿತ್ತು. ಮನೆತನದ ಹಿರಿಯರ ಹೆಸರು ಹೇಳುವಲ್ಲಿ ನಮ್ಮ ಅಜ್ಜಿಯ ಹೆಸರು ಬಿಟ್ಟ. ಅಷ್ಟು ಸಾಕಾಯಿತು. ನಾನು ಹೊಸ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ ಇಳಿದುಬಂದೆ.

"ಓ, ಸೊಂಟ ನೋವು ಎಲ್ಲಿ ಹೋಯ್ತು ಅಣ್ಣ?" ಎಂದ ಶೇಖರ, ಜಾಗ ಬಿಟ್ಟುಕೊಡುತ್ತ.

"ದೈವ ತೆಗೆದುಕೊಂಡಿತು" ಎಂದೆ. ಎಲ್ಲರೂ ನಕ್ಕರು. ಲೀಲಾ ಕೈ ಮುಗಿದಳು.

ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ಹೊಗೆ ನೇರ ನನ್ನ ಮುಖಕ್ಕೇ ಬಂತು. ಯಾವ ವಾಸನೆಯೂ ಇರಲಿಲ್ಲ. ಆಗ ಒಂದು ಕ್ಷಣ ಕೈ ನಿಂತಿತು, ಮಮತಾ. ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಪ್ರಾರ್ಥನೆ ಮುಂದುವರಿಸಿದೆ. ಅಜ್ಜಿಯ ಹೆಸರನ್ನು ಜೋರಾಗಿ ಹೇಳಿದೆ. ಸಂದೇಶನ ಎರಡೂ ಕೈಗಳನ್ನು ನನ್ನ ಕೈಯಲ್ಲಿ ಹಿಡಿದು ಪ್ರಸಾದ ಕೊಟ್ಟೆ. ಊಟಕ್ಕೆ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡೆ.

ಮಧ್ಯಾಹ್ನ ನೀನು ಬಂದಾಗ ನಾವಿನ್ನೂ ಎಲೆಯ ಮುಂದೆ ಇದ್ದೆವು. ನೀನು ಚೀಲ ಹೆಗಲಲ್ಲೇ ಇಟ್ಟುಕೊಂಡು ಅಂಗಳದಲ್ಲಿ ನಿಂತುಬಿಟ್ಟೆ. "ಏಳಿ, ಒಮ್ಮೆ ಈಚೆ ಬನ್ನಿ" ಎಂದು ಸಂದೇಶನನ್ನು ಕರೆದೆ. ಅವನು ಅರ್ಧ ಊಟದಿಂದ ಎದ್ದ. "ದೈವದ ಎಲೆಯಿಂದ ಎಬ್ಬಿಸುವಂಥದ್ದು ಎಂತ ಬಂತು?" ಎಂದಳು ಲೀಲಾ. ನೀನು ನನ್ನನ್ನು ನೋಡಿದೆ. ನಾನು ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದೆ — ಬೇಡ ಎಂದು. ನೀನು ಸುಮ್ಮನಾದೆ. ಹೇಳಿದರೆ ಆಗಲೇ ಅವನ ಹಡಗು ಹೋಗುತ್ತಿತ್ತು. ಹೇಳದಿದ್ದರೆ ಉಳಿದರೂ ಉಳಿಯಬಹುದು. ಅದನ್ನೇ ನೀನು ಯೋಚಿಸಿರಬೇಕು. ನಾನು ಯೋಚಿಸಿದ್ದು ನನ್ನ ಮರ್ಯಾದೆಯನ್ನು.

ಬುಧವಾರ ಸಂದೇಶ ಪರೀಕ್ಷೆಗೆ ಕೊಟ್ಟ. ಗುರುವಾರ ಪಾಸಿಟಿವ್ ಎಂದು ಮೊಬೈಲಿಗೆ ಬಂತು. ಮುಂಬಯಿಯ ಏಜೆಂಟ್ ಎರಡು ನಿಮಿಷವೂ ಮಾತಾಡಲಿಲ್ಲ, ಮುಂದಿನ ಪಟ್ಟಿಯಲ್ಲಿ ನೋಡುವ ಎಂದು ಫೋನ್ ಇಟ್ಟ. ಆರೋಗ್ಯ ಕೇಂದ್ರದವರು ಬಂದು ಎಲ್ಲರ ಮೂಗಿನಿಂದ ತೆಗೆದರು. ನನಗೆ ಪಾಸಿಟಿವ್. ಲೀಲಾಳಿಗೆ ನೆಗೆಟಿವ್. ನಿನಗೂ ನೆಗೆಟಿವ್. "ಅವಳದ್ದು ಅವಳ ಆಸ್ಪತ್ರೆಯವರೇ ಬರೆದುಕೊಟ್ಟಿರಬೇಕು" ಎಂದರು ನೆರೆಯವರು. ಪಾಪ, ವಯಸ್ಸಾದವರಿಗೂ ಅಂಟಿಸಿದಳಲ್ಲ ಎಂದು ನನ್ನ ಬಗ್ಗೆ ಮರುಗಿದರು. ಆ ಮರುಕವನ್ನೂ ನಾನು ತೆಗೆದುಕೊಂಡೆ.

ಲೀಲಾ ನಿನಗೆ ಬೇರೆ ಬಟ್ಟಲು, ಬೇರೆ ಲೋಟ ಇಟ್ಟಳು. ಕಾಯಿಲೆ ಇಲ್ಲದ ನಿನಗೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವಳು ಬಾಯಿಬಿಟ್ಟಳು. "ಹೋಗಬೇಡಿ ಅಂತ ಅತ್ತದ್ದು ಯಾರು? ಎಲೆಯಿಂದ ಎಬ್ಬಿಸಿದ್ದು ಯಾರು? ಹಡಗು ತಪ್ಪಿಸಲಿಕ್ಕೆ ಬೇಕಂತಲೇ ತಂದದ್ದು." ನಾನು ಮೆಟ್ಟಿಲ ಮೇಲೆ ಮುಸುಕು ಹಾಕಿಕೊಂಡು ಕೂತಿದ್ದೆ. ಸಂದೇಶ ತನ್ನ ಕೋಣೆಯ ಕಿಟಕಿಯಿಂದ ಕೇಳಿದ, "ಮಮತಾ, ಅಮ್ಮ ಹೇಳುದು ಬಿಡು. ಮನೆಯಲ್ಲಿ ಕಾಯಿಲೆ ಇದ್ದದ್ದು ನಿನಗೆ ಮೊದಲೇ ಗೊತ್ತಿತ್ತಾ?"

ನೀನು ಸುಳ್ಳು ಹೇಳುವವಳಲ್ಲ. "ಗೊತ್ತಿತ್ತು" ಎಂದೆ. ಎಂದು ನನ್ನ ಕಡೆ ತಿರುಗಿದೆ. ಉಳಿದದ್ದನ್ನು ನಾನು ಹೇಳುತ್ತೇನೆ ಎಂದು ಕಾದೆ.

ಟಿಕೆಟ್ ಇಲ್ಲದವನನ್ನು ಹಿಡಿಯುವುದು ಸುಲಭ — ಕಂಡಕ್ಟರ್ ಹತ್ತಿರ ಬಂದಾಗ ಅವನು ಕಿಟಕಿಯ ಹೊರಗೆ ನೋಡುತ್ತಾನೆ. ನಾನು ತೆಂಗಿನ ಮರ ನೋಡಿದೆ. ನೋಡುತ್ತಲೇ ಹೇಳಿದೆ, "ಆಸ್ಪತ್ರೆಯಲ್ಲಿ ಇರುವವರಿಗೆ ಗೊತ್ತಾಗದೆ ಇರ್ತದಾ?"

ಇಷ್ಟೇ ನಾನು ಆಡಿದ ಮಾತು. ಸಂದೇಶ ಕಿಟಕಿ ಮುಚ್ಚಿದ. ಆ ಕಿಟಕಿಯ ಸದ್ದು — ಅದರ ಬಗ್ಗೆ ಬರೆಯಲು ನನ್ನಿಂದ ಆಗದು.

ಆಮೇಲೆಯೂ ನೀನು ಹೋಗಲಿಲ್ಲ. ನಾವಿಬ್ಬರು ಗುಣವಾಗುವವರೆಗೆ ಇದ್ದೆ. ನನ್ನ ಬಾಗಿಲಿಗೆ ಗಂಜಿ ಬರುತ್ತಲೇ ಇತ್ತು, ಉಪ್ಪಿನಕಾಯಿಯ ಸಣ್ಣ ಬಟ್ಟಲಿನ ಜೊತೆಗೆ. ಒಂದು ದಿನವೂ ತಪ್ಪಲಿಲ್ಲ. ಒಂದು ದಿನವೂ ನೀನು ಬಾಗಿಲು ಬಡಿದು ಯಾಕೆ ಎಂದು ಕೇಳಲಿಲ್ಲ.

ನಿನ್ನನ್ನು ಕರೆದುಕೊಂಡು ಹೋಗಲು ಬೆಳ್ತಂಗಡಿಯಿಂದ ನಿನ್ನ ತಂದೆ ಬಂದರು. ಚಾವಡಿಗೆ ಹತ್ತದೆ ಅಂಗಳದಲ್ಲೇ ನಿಂತು, ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ನನಗೆ ಕೈ ಮುಗಿದರು. "ಹುಡುಗಿಯಿಂದ ತಪ್ಪಾಯ್ತು. ಮನೆಯ ಹಿರಿಯರು ನೀವು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದರು.

"ಇರಲಿ" ಎಂದೆ.

ನೀನು ಗೇಟಿನವರೆಗೆ ಹೋದವಳು ತಿರುಗಿ ಬಂದೆ. ಏನೋ ಮರೆತಿರಬೇಕು ಎಂದುಕೊಂಡೆ. ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ ಹೇಳಿದೆ, "ನಾನು ಹೇಳಲಿಲ್ಲ ಮಾವ."

ಹಡಗು ಮರುವರ್ಷ ಮತ್ತೆ ಸಿಕ್ಕಿತು. ಅಷ್ಟರಲ್ಲಿ ನಿಮ್ಮಿಬ್ಬರ ಕೋರ್ಟಿನ ಕಾಗದ ಮುಗಿದಿತ್ತು. ಸಂದೇಶ ಹೋದ, ಬಂದ, ಮತ್ತೆ ಹೋದ. ಮನೆಗೆ ಬಂದಾಗ ಬೈರಾಸನ್ನು ಹಗ್ಗಕ್ಕೆ ಎಸೆಯುತ್ತಾನೆ, ಅಷ್ಟೆ.

ಹೋದ ತಿಂಗಳು ಲೀಲಾಳಿಗೆ ಹೇಳಿದೆ. ಅವಳು ತೊಂಡೆಕಾಯಿ ಹೆಚ್ಚುತ್ತಿದ್ದಳು. ಎಲ್ಲ ಕೇಳಿದ ಮೇಲೂ ಬೈಯಲಿಲ್ಲ. ಕತ್ತಿ ಕೆಳಗಿಟ್ಟು, "ನಾನು ಅವಳಿಗೆ ಬೇರೆ ಬಟ್ಟಲು ಇಟ್ಟೆ ಅಣ್ಣ" ಎಂದಳು. ಆಮೇಲಿಂದ ನನ್ನ ಊಟ ಬಡಿಸುತ್ತಾಳೆ, ಎದುರಿಗೆ ಕೂರುವುದಿಲ್ಲ.

ಸಂದೇಶನಿಗೆ ಫೋನಿನಲ್ಲಿ ಹೇಳಿದೆ. ಹಡಗಿನ ಯಂತ್ರದ ಗುಂಯ್ ಸದ್ದಿನ ನಡುವೆ ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಕೇಳಿದ, "ಅವಳಿಗೆ ಹೇಳಿದ್ರಾ ಮಾವ?"

"ಇಲ್ಲ."

"ಹಾಗಾದ್ರೆ ನನಗೆ ಯಾಕೆ ಹೇಳ್ತೀರಿ?" ಎಂದು ಇಟ್ಟ. ಮತ್ತೆ ಮಾಡಲಿಲ್ಲ.

ಮೊನ್ನೆ ಮನೆಯ ವರ್ಷಾವಧಿ ತಂಬಿಲದ ದಿನ ಬಂದವರೆಲ್ಲರ ಮುಂದೆ, ಶೇಖರನ ಮಕ್ಕಳ ಮುಂದೆಯೂ, ನಡೆದದ್ದನ್ನು ಹೇಳಿದೆ. ಶೇಖರನಿಗೆ ಜಾಗ ಬಿಟ್ಟು ಮೇಲಿನ ಕೋಣೆಗೆ ಹೋದೆ. ಅವನು ಈ ಸಲವೂ ಅಜ್ಜಿಯ ಹೆಸರು ಬಿಟ್ಟ. ನಾನು ಇಳಿಯಲಿಲ್ಲ. ಸಾಂಬ್ರಾಣಿಯ ವಾಸನೆ ಮೇಲಿನವರೆಗೂ ಬಂತು. ಅಂದು ನಾನು ಉಳಿಸಿಕೊಳ್ಳಬೇಕಾಗಿದ್ದ ಅರ್ಧ ಮಾತನ್ನು ಈಗ ಉಳಿಸಿಕೊಂಡು ಯಾರಿಗೂ ಪ್ರಯೋಜನವಿಲ್ಲ. ಅದು ನನಗೆ ಗೊತ್ತು.

ಬರುವ ಸೋಮವಾರ ಬೆಳಗ್ಗಿನ ಬಸ್ಸಿಗೆ ಬೆಳ್ತಂಗಡಿಗೆ ಬರುತ್ತೇನೆ. ನೀನು ಅಲ್ಲೇ ಒಂದು ಲ್ಯಾಬಿನಲ್ಲಿ ಇದ್ದೀ ಎಂದು ಕೇಳಿದ್ದೇನೆ. ನಿನ್ನ ಎದುರಿಗೆ ಬರುವುದಿಲ್ಲ, ಈ ಕಾಗದ ಬರುತ್ತದೆ. ನಿನ್ನ ತಂದೆಯ ಮುಂದೆ ಮಾತ್ರ ನಿಲ್ಲಬೇಕು. ಚಾವಡಿಗೆ ಹತ್ತದೆ, ಅವರು ನಿಂತ ಹಾಗೆಯೇ ಅಂಗಳದಲ್ಲಿ ನಿಂತು, ಇದನ್ನು ಓದಿ ಹೇಳುತ್ತೇನೆ. ಅಕ್ಕಪಕ್ಕದವರು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ. ಮೂವತ್ತೊಂದು ವರ್ಷ ಊರುಗಳ ಹೆಸರು ಕೂಗಿದ ಗಂಟಲು, ಅಷ್ಟಕ್ಕೆ ಸಾಕಾಗುತ್ತದೆ.

ಓದಿ ಮುಗಿಸಿ ಕೈ ಮುಗಿಯುತ್ತೇನೆ. ಆಗ ಅವರು "ಇರಲಿ" ಎನ್ನಬಾರದು. ನಾನು ಬೇಡುವುದು ಅದೊಂದೇ.