ಎಟೆಲ್ಕತ್ತೆಯ ಹನ್ನೆರಡು ಬಾಟಲಿ

ಸೆಗೆಡ್ ಊರಿನ ಒಂದು ಪ್ರಯೋಗಾಲಯದಲ್ಲಿ ರಜೆ ಬಂತೆಂದರೆ ಎಲ್ಲರೂ ಎಟೆಲ್ಕಾಳ ಮುಖ ನೋಡುತ್ತಿದ್ದರು. "ನಿಮಗೇನು ಎಟೆಲ್ಕತ್ತೆ, ಗಂಡನೇ ಮಕ್ಕಳೇ? ನೀವೇ ಬಂದು ನೋಡ್ಕೊಂಬಿಡಿ." ಅಂದವರಿಗೆ ಅದು ತಮಾಷೆ. ಐವತ್ತೆಂಟರ ಎಟೆಲ್ಕಾ ಹೂಂ ಎನ್ನುತ್ತಿದ್ದಳು. ಆ ಕೆಲಸ ಬಿಟ್ಟರೆ ಅವಳನ್ನು ಬೇಕು ಎನ್ನುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

ನೋಡಿಕೊಳ್ಳಬೇಕಾದದ್ದು ಹನ್ನೆರಡು ಬಾಟಲಿ ಜೀವಕೋಶ. ಅದರಲ್ಲಿ ಇಪ್ಪತ್ತು ಸಾವಿರ ಬಗೆ. ಒಂದೊಂದು ಬಗೆಯ ಮೈಮೇಲೂ ಬೇರೆಬೇರೆ ಪ್ರೋಟೀನಿನ ಚೂರು. ಕ್ಯಾನ್ಸರಿನಿಂದ ಪಾರಾದ ಒಬ್ಬ ಟ್ರಾಮ್ ಚಾಲಕಿಯ ರಕ್ತದ ಕಾವಲು ಕೋಶಗಳನ್ನು ಇವುಗಳ ನಡುವೆ ಬಿಟ್ಟರೆ, ಅವು ಗುರುತು ಹಿಡಿದ ಬಗೆ ಹೊಳೆಯಬೇಕು. ಏನನ್ನು ಗುರುತಿಸಿ ಗೆದ್ದವೆಂದು ತಿಳಿದರೆ ಬೇರೆ ರೋಗಿಗಳಿಗೂ ದಾರಿಯಾದೀತು. ಎರಡು ದಿನಕ್ಕೊಮ್ಮೆ ಹನ್ನೆರಡೂ ಬಾಟಲಿಯಿಂದ ಧಾರಾಳವಾಗಿ ತೆಗೆದು ಹೊಸ ಆಹಾರಕ್ಕೆ ದಾಟಿಸಬೇಕು; ಕೈ ಬಿಗಿ ಹಿಡಿದರೆ ಅಪರೂಪದ ಬಗೆಗಳು ಕಳೆದುಹೋಗುತ್ತವೆ.

ಈಸ್ಟರ್ ಸೋಮವಾರವೆಂದರೆ ಆ ಊರಲ್ಲಿ ಗಂಡಸರು ಮನೆಮನೆಗೆ ಹೋಗಿ ಹೆಂಗಸರ ತಲೆಗೆ ಅತ್ತರು ಚಿಮುಕಿಸುವ ದಿನ. ಎಟೆಲ್ಕಾಳ ತಲೆಗೆ ಹನಿ ಬಿದ್ದು ಒಂಬತ್ತು ವರ್ಷವಾಗಿತ್ತು. ಈ ಸಲ ಏಕೋ ಹಾಳು ಆಸೆ. ಚಿಮುಕಿಸಲು ಬಂದವರಿಗೆ ಕೊಡಲೆಂದು ಮೊಟ್ಟೆಗೆ ಬಣ್ಣ ಹಚ್ಚಿಟ್ಟು ಕೆಲಸಕ್ಕೆ ಬಂದಿದ್ದಳು. ಹನ್ನೆರಡನ್ನೂ ದಾಟಿಸುತ್ತ ನಾಲ್ಕು ತಾಸು ಯಾರು ಕೂರುತ್ತಾರೆಂದು ಒಂದೇ ಬಾಟಲಿಯಿಂದ ನಾಲ್ಕು ಹನಿ ದಾಟಿಸಿ, ಉಳಿದದ್ದು ಚೆಲ್ಲಿ ಮನೆಗೆ ಓಡಿದಳು. ಸಂಜೆಯವರೆಗೆ ಬಾಗಿಲ ಹಿಂದೆ ಕೂತಳು. ಯಾರೂ ಬರಲಿಲ್ಲ.

ನಾಲ್ಕು ಹನಿ ಬೆಳೆದು ಹನ್ನೆರಡು ಬಾಟಲಿ ತುಂಬಿತು. ನೋಡಿದವರಿಗೆ ವ್ಯತ್ಯಾಸವೇ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಒಂದೂ ಹೊಳೆಯಲಿಲ್ಲ.

"ಆ ಕಾವಲು ಕೋಶ ಏನನ್ನೂ ಗುರುತಿಸಲ್ಲ, ಬಿಟ್ಬಿಡೋಣ," ಎಂದರು ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಬಾಲಿಂಟ್.

ಬೇಕಾದ ಬಗೆ ಆ ನಾಲ್ಕು ಹನಿಯಲ್ಲಿ ಬಂದೇ ಇರಲಿಲ್ಲವೆಂದು ಎಟೆಲ್ಕಾಳಿಗೆ ಗೊತ್ತಾಯಿತು. ಬಾಯಿ ಬಿಟ್ಟರೆ ಕೆಲಸಕ್ಕೇ ಸಂಚಕಾರ, ಬಿಡದಿದ್ದರೆ ಯಾರಿಗೋ ಸಿಗಬೇಕಿದ್ದ ಮದ್ದು ಮಣ್ಣುಪಾಲು. ಎರಡು ದಿನ ನುಂಗಿಕೊಂಡಳು. ಮೂರನೆಯ ದಿನ ಹೇಳಿಯೇಬಿಟ್ಟಳು. "ತಪ್ಪು ಅದರದ್ದಲ್ಲ ಡಾಕ್ಟ್ರೇ, ನಂದು."

ನಡೆದದ್ದನ್ನೆಲ್ಲ ಕೇಳಿಯೂ ಬಾಲಿಂಟ್ ಬಯ್ಯಲಿಲ್ಲ. ಮೂಲ ಕೋಶ ಹೆಪ್ಪುಗಟ್ಟಿಸಿಟ್ಟದ್ದಿದೆ, ಮತ್ತೆ ಬೆಳೆಸೋಣ ಎಂದರು. "ಅಷ್ಟು ಅವಸರ ಏನಿತ್ತು ಎಟೆಲ್ಕತ್ತೆ? ಯಾರು ಬರೋರಿದ್ರು?"

"ಯಾರೂ ಅಂತಲ್ಲ."

ಬಾಲಿಂಟ್ ಕುರ್ಚಿ ಎಳೆದು ಅವಳೆದುರು ಕೂತರು. "ಎಲ್ಲಾ ನಿಮ್ಮ ತಲೆಗೇ ಕಟ್ಟಿದ್ದು ನಮ್ಮ ತಪ್ಪು. ಇನ್ಮೇಲೆ ರಜೆ ದಿನ ನೀವು ಬರೋದೇ ಬೇಡ. ಮನೇಲಿ ಆರಾಮಾಗಿರಿ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಎಟೆಲ್ಕಾ "ಆಗ್ಲಿ" ಎಂದು ಗೋಡೆಯ ಕ್ಯಾಲೆಂಡರ್ ನೋಡಿದಳು. ಮುಂದಿನ ತಿಂಗಳ ಹಬ್ಬಕ್ಕೆ ಮೂರು ದಿನ ರಜೆಯಿತ್ತು.